ಸುಣ್ಣ ಕೇಳಿದ ಪರಂಗಿ ಮತ್ತು ನಮ್ಮ ಸ್ಟಾರ್ಟಪ್ ಹುಡುಗರು

ಈಚೆಗೆ ನಮ್ಮ ಕಡೆ ಹುಡುಗರು ಸ್ಟಾರ್ಟಪ್ ಅಂತ ಹೊರಟರೆ ಮೊದಲು ಮಾಡೋ ಕೆಲಸ ಏನು ಗೊತ್ತಾ? ಸಾಮಾನು ತಯಾರಿಸೋದಲ್ಲ, ಗಿರಾಕಿ ಹುಡುಕೋದೂ ಅಲ್ಲ. ಸಲಹಾ ಮಂಡಳಿ ಕಟ್ಟೋದು! ದುಡ್ಡು ಹಾಕೋರಿಗೆ ತೋರಿಸೋ ಸ್ಲೈಡುಗಳಲ್ಲಿ ಒಂದು ಪೂರ್ತಿ ಕೋಟು ತೊಟ್ಟ ಫೋಟೋಗಳಿಗೇ ಮೀಸಲು. ಒಬ್ಬರು ನಿವೃತ್ತ ಐಎಎಸ್, ಒಬ್ಬರು ಐಐಟಿ ಪ್ರೊಫೆಸರ್, ಇನ್ನೊಬ್ಬರು ಬೆಂಗಳೂರಿನ ಯಾವುದೋ ಐಟಿ ಕಂಪನಿಯ ಮಾಜಿ ವೈಸ್ ಪ್ರೆಸಿಡೆಂಟ್. ಲಗ್ನಪತ್ರಿಕೆಯ ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಹೆಸರು ಹಾಕಿಸ್ತೀವಲ್ಲ, ಹಾಗೆ. ಲಗ್ನಪತ್ರಿಕೆಯಲ್ಲಿ ಹೆಸರಿದ್ದವರು ಊಟಕ್ಕಾದರೂ ಬರ್ತಾರೆ. ಇವರು ಅದಕ್ಕೂ ಬರಲ್ಲ.

ಪರಿಣತರೇ ಬೇಡ ಅಂತ ನಾನು ಹೇಳ್ತಿಲ್ಲ. ತುಂಗಭದ್ರಾ ಡ್ಯಾಮಿನ ಬುಡದಲ್ಲಿ ಬದುಕೋ ನಮ್ಮಂಥವರು ಆ ಮಾತು ಆಡಲೂಬಾರದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. 33 ಗೇಟಿನ ಡ್ಯಾಮು, ಒಳಗೆ ತುಂಬಿದ ನೀರು, ಕೆಳಗೆ ಇಡೀ ವರ್ಷದ ಬೆಳೆ ನಂಬಿಕೊಂಡ ರೈತರು. ಆಗ ಬಂದವರು ಕನ್ನಯ್ಯ ನಾಯ್ಡು. ಗೇಟುಗಳ ಕೆಲಸದಲ್ಲೇ ಕೂದಲು ಬೆಳ್ಳಗಾದ ಹಿರಿಯರು. ಡ್ಯಾಮಿನ ನೀರೆಲ್ಲ ಖಾಲಿ ಮಾಡಿ ಕೂರೋ ಬದಲು ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸೋಣ ಅಂದರು. ಅಂದು ಸುಮ್ಮನಾಗಲಿಲ್ಲ, ಕೆಲಸಕ್ಕೆ ನಿಂತರು. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತ್ತು. ನಿಲ್ಲದೇ ಹೋಗಿದ್ದರೆ? ಊರೆಲ್ಲ ಬೈತಿದ್ದದ್ದು ಅವರನ್ನೇ. ಆ ಭಾರ ಹೊತ್ತು ಹೇಳಿದ ಮಾತಿಗೆ ನಾನು ಸಲಹೆ ಅಂತೀನಿ.

ಇನ್ನೊಂದು ಥರದ ಸಲಹೆಗಾರನೂ ನಮ್ಮೂರಿಗೆ ಬಂದು ಹೋಗಿದ್ದಾನೆ, ಐನೂರು ವರ್ಷದ ಹಿಂದೆ. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸಿದ ಕಥೆಯನ್ನ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಅದು ಹೊಸಪೇಟೆ ಪಕ್ಕ, ಸಂಡೂರು ಗುಡ್ಡಗಳ ಬಾಯಲ್ಲಿರೋ ಕೆರೆ ಅಂತ ಗುರುತಿಸಿದವನು ರಾಬರ್ಟ್ ಸಿವೆಲ್. ರಾಯ ಗೋವಾದ ಗವರ್ನರಿಗೆ ಹೇಳಿಕಳಿಸಿ ಜೊಆವೊ ಡೆಲ್ಲಾ ಪಾಂಟೆ ಅನ್ನೋ ಕಲ್ಲುಕೆಲಸದ ನಿಪುಣನನ್ನ ಕರೆಸಿಕೊಂಡ. ಆತನಿಗೆ ಒಳಗೊಳಗೇ ಇದು ಆಗೋ ಕೆಲಸ ಅಲ್ಲ ಅನ್ನಿಸಿತ್ತಂತೆ. ರಾಜನ ಮುಂದೆ ಮಾತ್ರ ಮಾಡ್ತೀನಿ ಅಂದ, ಸುಣ್ಣ ತಯಾರು ಮಾಡಿಸಿ ಅಂದ. ರಾಯನಿಗೆ ನಗು ತಡೆಯಲಾಗಲಿಲ್ಲ. ಈ ದೇಶದಲ್ಲಿ ಮನೆ ಕಟ್ಟೋಕೂ ಸುಣ್ಣ ಬಳಸೋದು ಗೊತ್ತಿಲ್ಲ ಅಂತ ನ್ಯೂನಿಜ್ ಕಾರಣ ಕೊಡ್ತಾನೆ. (ಅದನ್ನ ನಂಬಬೇಡಿ. ಕಮಲ ಮಹಲಿನ ಗಾರೆ ಕೆಲಸ ನೋಡಿ ಬನ್ನಿ.)

ಏರಿ ನಿಲ್ಲಲಿಲ್ಲ. ಹಾಕಿದ ಬಂಡೆಗಳೆಲ್ಲ ಕುಸಿದುಹೋದವು. ಆಗ ರಾಯ ಪಂಡಿತರನ್ನ ಕೇಳಿದ, ಅವರು ಬಲಿ ಕೊಡಿ ಅಂದರು, ಮರಣದಂಡನೆಗೆ ತಕ್ಕವರಾದ ಕೈದಿಗಳ ತಲೆ ಹೋಯ್ತು. ಎರಡು ಸುತ್ತು ಸಲಹೆ, ಹೋದದ್ದು ಮೂರನೆಯವರ ತಲೆ. ಏರಿ ಕಟ್ಟಿದವರು ಯಾರು? ಹದಿನೈದು ಇಪ್ಪತ್ತು ಸಾವಿರ ಜನ ಕೆಲಸಕ್ಕಿದ್ದರು ಅಂತ ಪೇಸ್ ಲೆಕ್ಕ ಹೇಳ್ತಾನೆ.

ಈ ‘ಮೂರನೆಯವರ ತಲೆ’ ಅನ್ನೋದೇ ನನ್ನ ತಕರಾರು. ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಕಲಮು ನಿರ್ದೇಶಕರ ಹೊಣೆ ಏನು ಅಂತ ಬಿಡಿಸಿ ಹೇಳುತ್ತೆ. ಆ ಹೊಣೆ ಸಲಹಾ ಮಂಡಳಿಯವರ ಮೈಮೇಲೆ ಬರೋದಿಲ್ಲ. ಹೇಳಿದ್ದು ಫಲಿಸಿದರೆ ‘ನಾನೇ ಬೆಳೆಸಿದ ಹುಡುಗರು’, ಮುಳುಗಿದರೆ ‘ನನ್ನ ಮಾತು ಕೇಳಲಿಲ್ಲ’. ಅದಕ್ಕೆ ಹುಡುಗರು ಕೊಡೋದೇನು? ಪಾಲು. ಅಮೆರಿಕದ ಫೌಂಡರ್ ಇನ್‌ಸ್ಟಿಟ್ಯೂಟ್‌ನವರ ‘ಫಾಸ್ಟ್’ ಅನ್ನೋ ಮಾದರಿ ಒಪ್ಪಂದ ಇದೆ. ಕಂಪನಿ ಇನ್ನೂ ಐಡಿಯಾ ಆಗಿದ್ದಾಗ ಸಲಹೆಗಾರನಿಗೆ ಕಾಲು ಪರ್ಸೆಂಟಿನಿಂದ ಒಂದು ಪರ್ಸೆಂಟ್, ಅದೂ ಎರಡು ವರ್ಷದಲ್ಲಿ ತಿಂಗಳು ತಿಂಗಳಾಗಿ, ಮೊದಲ ಮೂರು ತಿಂಗಳು ಸಾಮಾನ್ಯವಾಗಿ ಏನೂ ಇಲ್ಲ. ತಿಂಗಳಿಗೆ ಎಷ್ಟು ಹೊತ್ತು ಕೊಡಬೇಕು ಅನ್ನೋದೂ ಅದರಲ್ಲೇ ಇದೆ. ನಮ್ಮವರು ಆ ಪರ್ಸೆಂಟನ್ನ ಮಾತ್ರ ಓದ್ಕೋತಾರೆ, ಮಿಕ್ಕಿದ್ದು ಬಿಡ್ತಾರೆ. ಐದು ಫೋಟೋಗೆ ಐದು ಪರ್ಸೆಂಟ್, ಕಾಗದ ಪತ್ರ ಇಲ್ಲ. ಹೊರಗಿನ ಸಲಹೆಗಾರನಿಗೆ ನೌಕರರ ಷೇರು ಯೋಜನೆಯಲ್ಲಿ ಪಾಲು ಕೊಡೋ ಹಾಗಿಲ್ಲ ಅನ್ನೋದೂ ಎಷ್ಟೋ ಜನರಿಗೆ ಗೊತ್ತಾಗೋದು ಆಡಿಟರು ಹೇಳಿದ ಮೇಲೆ.

‘ಅಲ್ರೀ, ದೊಡ್ಡ ಹೆಸರಿದ್ರೆ ದುಡ್ಡು ಹಾಕೋರು ನಂಬ್ತಾರೆ’ ಅಂತಾರೆ. ನಂಬ್ತಾರೆ, ಹೌದು. ಎಷ್ಟು ದಿನ? ಬೈಜೂಸ್ ನೋಡಿ. 2023ರ ಜೂನಿನಲ್ಲಿ ಆಡಿಟರು ಡೆಲಾಯ್ಟ್‌ನವರು ಬಿಟ್ಟುಹೋದರು, ಹೂಡಿಕೆದಾರರ ಕಡೆಯ ಮೂವರು ನಿರ್ದೇಶಕರು ಹೊರನಡೆದರು. ಜುಲೈನಲ್ಲಿ ಸಲಹಾ ಸಮಿತಿ ಬಂತು: ಸ್ಟೇಟ್ ಬ್ಯಾಂಕಿನ ಮಾಜಿ ಅಧ್ಯಕ್ಷ ರಜನೀಶ್ ಕುಮಾರ್, ಹಿಂದೆ ಇನ್ಫೋಸಿಸ್‌ನಲ್ಲಿದ್ದ ಮೋಹನದಾಸ್ ಪೈ. ಇಬ್ಬರ ಯೋಗ್ಯತೆ ಬಗ್ಗೆ ನನ್ನದೇನೂ ಮಾತಿಲ್ಲ. ಒಂದು ವರ್ಷಕ್ಕೆ ಅವರೂ ಹೊರಬಂದರು, 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅದು ಸಾವಿರಾರು ಕೋಟಿಯ ಕಂಪನಿ, ತಡೆದುಕೊಳ್ತು ಅನ್ನಿ. ನಮ್ಮ ಹುಡುಗರ ಹತ್ತಿರ ಇರೋದು ಅಪ್ಪ ಹೊಲ ಅಡವಿಟ್ಟು ತಂದ ದುಡ್ಡು, ಇಲ್ಲಾ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡಿನಲ್ಲಿ ಹೆಚ್ಚೆಂದರೆ ಸಿಗೋ 20 ಲಕ್ಷದ ಅನುದಾನ.

ಕಂಪ್ಲಿ ಗದ್ದೆಗಳಿಗೆ ನೀರು ಅಳೆಯೋ ಸೆನ್ಸರ್ ಮಾಡ್ತೀರಾ? ನಿಮ್ಮ ಮೊದಲ ಸಲಹೆಗಾರ ಕಾಲುವೆಯ ಗ್ಯಾಂಗ್‌ಮನ್ ಆಗಲಿ. ತೂಬು ಯಾವಾಗ ತೆಗೀತಾರೆ, ಯಾರು ರಾತ್ರಿ ಮುಚ್ತಾರೆ, ಕೊನೆಭಾಗಕ್ಕೆ ಯಾಕೆ ನೀರು ಬರಲ್ಲ, ಎಲ್ಲ ಅವನಿಗೆ ಗೊತ್ತು. ನಿಮ್ಮ ಸೆನ್ಸರನ್ನ ಯಾರು ಕಿತ್ತು ಬಿಸಾಕ್ತಾರೆ ಅನ್ನೋದೂ ಗೊತ್ತು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. ಅದನ್ನ ಆನ್‌ಲೈನಲ್ಲಿ ಮಾರೋ ಆ್ಯಪ್ ಮಾಡ್ತೀರಾ? ಹೊಲಿಯೋ ತಾಯಂದಿರಲ್ಲಿ ಒಬ್ಬರನ್ನ ಕೂರಿಸ್ಕೊಳ್ಳಿ. ಒಂದು ಕುಪ್ಪಸಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಅವರು ಹೇಳಿದ ದಿನವೇ ನಿಮ್ಮ ಅರ್ಧ ಎಕ್ಸೆಲ್ ಶೀಟು ಬಿದ್ದುಹೋಗುತ್ತೆ. ಬೀಳಲಿ. ಮತ್ತೆ ಅವರಿಗೆ ಕೂಲಿ ಕೊಡಿ, ಪುಕ್ಕಟೆ ಕೇಳಬೇಡಿ. ಪ್ರೊಫೆಸರಿಗೆ ಒಂದು ಪರ್ಸೆಂಟ್ ಕೊಡೋ ಕೈಗೆ ಈ ತಾಯಿಗೆ ಐನೂರು ರೂಪಾಯಿ ಕೊಡೋಕೆ ಯಾಕೆ ನಡುಕ?

ಆಮೇಲೆ, ನಿಜಕ್ಕೂ ಬೇಕಾದ ಒಂದು ವಿದ್ಯೆಗೆ ಒಬ್ಬ ಪರಿಣತರನ್ನ ಹುಡುಕಿ. ಐದು ಜನ ಅಲ್ಲ, ಒಬ್ಬರು. ಬ್ಯಾಟರಿ ಬಿಸಿಲಿಗೆ ಕೈಕೊಡ್ತಿದ್ದರೆ ಬ್ಯಾಟರಿಯವರು, ಅಷ್ಟೆ. ಆರು ತಿಂಗಳ ಒಪ್ಪಂದ ಬರೆಸಿ, ಎಷ್ಟು ಸಲ ಬರ್ತೀರಿ ಅಂತ ಮೊದಲೇ ಕೇಳಿ. ಅನುದಾನದ ಅರ್ಜಿ ನೋಡೋ ಸಮಿತಿಗಳಿಗೂ ನನ್ನದೊಂದು ಕೋರಿಕೆ: ಫೋಟೋ ಸ್ಲೈಡು ಬಂದ ಕೂಡಲೇ ಮುಂದಕ್ಕೆ ತಳ್ಳಬೇಡಿ, ಇವರಲ್ಲಿ ಯಾರು, ಯಾವ ತಾರೀಖು, ನಿಮ್ಮ ಕೆಲಸ ನೋಡೋಕೆ ಬಂದಿದ್ದರು ಅಂತ ಕೇಳಿ. ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಟಿಕೇಟಿನ ದುಡ್ಡು ಬೇಕಾದರೆ ನಾವೇ ಕೊಡೋಣ.