ಗಣಿ ತೆರೆದೇ ಇದೆ, ಹುಡುಗರು ಬರುತ್ತಲೇ ಇದ್ದಾರೆ

ಬಿಬವೇವಾಡಿಯಲ್ಲಿ ಬಳ್ಳಾರಿ, ಹೊಸಪೇಟೆ ಕಡೆಯ ನಾಲ್ಕು ಮಂದಿ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ಗಣಿ ಬಂದ್ ಆಗದಿದ್ರ ನಮ್ಮ ಹುಡುಗ್ರು ಪುಣೆಕ್ಕ ಯಾಕ ಬರ್ತಿದ್ರು?" 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ನಿಜ. ಆದರೆ 2013ರಲ್ಲೇ ಎ ಮತ್ತು ಬಿ ವರ್ಗದ ಗಣಿಗಳಿಗೆ ಅನುಮತಿ ಸಿಕ್ಕಿತಲ್ಲ? ಹುಡುಗರು ಬರುವುದು ನಿಂತಿತೇ?

ಚೀನಾ ಬೀಜಿಂಗ್ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ವರ್ಷಗಳಲ್ಲಿ ಸಂಡೂರಿನ ಅದಿರಿಗೆ ಎಲ್ಲಿಲ್ಲದ ಬೆಲೆ ಬಂತು. ಹೊರಗೆ ಟನ್ನಿಗೆ ನೂರು ಡಾಲರ್ ದಾಟಿದಾಗ ನಮ್ಮ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ ಮೂವತ್ತು ರೂಪಾಯಿಯೂ ಇರಲಿಲ್ಲ. ಬೆಲೆಯ ಶೇ. 10 ಎಂದು ಅದು ನಿಗದಿಯಾದದ್ದು 2009ರ ಆಗಸ್ಟಿನಲ್ಲಿ, ಜಾತ್ರೆ ಮುಗಿಯುತ್ತ ಬಂದಾಗ. ಕದ್ದದ್ದು ಬೇರೆ ಲೆಕ್ಕ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಅದನ್ನು 16,085 ಕೋಟಿ ರೂಪಾಯಿ ಎಂದಿತು. ನನ್ನ ತಕರಾರು ಕಳ್ಳತನದ್ದಷ್ಟೇ ಅಲ್ಲ. ಕಾನೂನುಬದ್ಧವಾಗಿ ಅಗೆದಿದ್ದರೂ ಊರು ಉದ್ಧಾರವಾಗುತ್ತಿರಲಿಲ್ಲ.

ನೆದರ್ಲೆಂಡ್ಸ್‌ನಲ್ಲಿ 1959ರಲ್ಲಿ ಅನಿಲ ಸಿಕ್ಕಿತು. ಅದನ್ನು ಮಾರಿದ ಹಣದಿಂದ ಅವರ ನಾಣ್ಯ ತುಟ್ಟಿಯಾಗಿ, ಉಳಿದ ಕಾರ್ಖಾನೆಗಳ ಸರಕು ಹೊರದೇಶದಲ್ಲಿ ಪೈಪೋಟಿಗೆ ನಿಲ್ಲಲಿಲ್ಲ. ಇದಕ್ಕೆ ಡಚ್ ಕಾಯಿಲೆ ಎಂಬ ಹೆಸರೇ ಬಿತ್ತು. ಜಿಲ್ಲೆಗೆ ಸ್ವಂತ ನಾಣ್ಯವಿಲ್ಲ, ಕಾಯಿಲೆ ಹೇಗೆ ತಗಲುತ್ತದೆ ಅನ್ನಬಹುದು. ಜಾಗದ ಬೆಲೆ, ಮನೆ ಬಾಡಿಗೆ, ಕೂಲಿ, ಬ್ಯಾಂಕಿನ ಸಾಲ ಇವೆಯಲ್ಲ! ಬಳ್ಳಾರಿಯ ಜೀನ್ಸ್ ಹೊಲಿಯುವವನನ್ನೇ ತೆಗೆದುಕೊಳ್ಳಿ. ಅವನ ಪ್ಯಾಂಟಿಗೆ ಬೆಲೆ ಕಟ್ಟುವುದು ಹೊರಗಿನ ಮಾರುಕಟ್ಟೆ. ಊರಲ್ಲಿ ಬಾಡಿಗೆ ಏರಿತೆಂದು ಅದು ಹತ್ತು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಅತ್ತ ಹೊಲಗಳು ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡ್ ಆದವು. ಕೈಯಲ್ಲಿ ನಾಲ್ಕು ಕಾಸಿದ್ದವನು ಲೇತ್ ಮಷಿನ್ ಕೊಳ್ಳಲಿಲ್ಲ, ಸಾಲ ಮಾಡಿ ಟಿಪ್ಪರ್ ಕೊಂಡ. ಅವನನ್ನು ಬೈಯುವಂತಿಲ್ಲ, ಆ ಹೊತ್ತಿಗೆ ಅದೇ ಜಾಣ ಲೆಕ್ಕ. ಗಣಿ ನಿಂತಿತು, ಕಂತು ನಿಲ್ಲಲಿಲ್ಲ.

"ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇಲ್ಲವೇ?" ಎನ್ನುತ್ತಾರೆ. ಇದೆ, ದೊಡ್ಡದೇ. ಇಂದಿರಾ ಗಾಂಧಿ 1971ರಲ್ಲಿ ಅಡಿಗಲ್ಲು ಹಾಕಿದರು, ಕಾರ್ಖಾನೆ ಕಟ್ಟಲು ತೊಂಬತ್ತರ ದಶಕದಲ್ಲಿ ಜಿಂದಾಲ್ ಬರಬೇಕಾಯಿತು. ಆದರೆ ಆ ಉಕ್ಕಿನಿಂದ ಪಂಪು, ಗೇರು, ಮೋಟಾರು ಮಾಡುವ ಸಣ್ಣ ಶೆಡ್ಡುಗಳು ಅದರ ಸುತ್ತ ಪಿಂಪರಿ, ಭೋಸರಿಯ ಹಾಗೆ ಹಬ್ಬಲಿಲ್ಲ.

ಪುಣೆಯ ನೆಲದಡಿ ಅದಿರಿಲ್ಲ. ಇಲ್ಲಿಯ ಎಂಜಿನ್ ಕಾರ್ಖಾನೆಯ ಬೇರು ನಮ್ಮ ಬೆಳಗಾವಿಯಲ್ಲಿದೆ, ಇದು ನಮ್ಮವರಿಗೇ ಮರೆತಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರೆ, ನೆಲಕ್ಕೆ ವಿಷವೆಂದು ರೈತರು ಮೊದಮೊದಲು ಮುಟ್ಟಲಿಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿ, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್. ಕೈಗೆ ಕೆಲಸ ಹತ್ತಲು ಇಷ್ಟು ವರ್ಷ ಹಿಡಿಯಿತು.

ಈಗ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕೆಂದು ಅದಿರು ಮಾರಾಟದಿಂದಲೇ ಮುರಿದುಕೊಂಡ ಹಣವಿದೆ. ಯೋಜನೆಯ ಗಾತ್ರ ಇಪ್ಪತ್ತು ಸಾವಿರ ಕೋಟಿ ಮೀರಿದ್ದು. ಇದೆಲ್ಲ ರಸ್ತೆ, ಕಟ್ಟಡಗಳ ಗುತ್ತಿಗೆಗೆ ಕರಗಿದರೆ ಅದು ಇನ್ನೊಂದು ಟಿಪ್ಪರ್ ಕೊಂಡಂತೆ. ದೀಪಾವಳಿಗೆ ಊರಿಗೆ ಹೋದಾಗ ಶಾಸಕರನ್ನು ಕೇಳಿ: ಜೀನ್ಸ್ ತೊಳೆಯುವ ಘಟಕಗಳ ನೀರು ಶುದ್ಧ ಮಾಡಲು ಎಷ್ಟು ಇಟ್ಟಿದ್ದೀರಿ? ಸಂಡೂರಿನ ಐಟಿಐ ಹುಡುಗ ಸಿಎನ್‌ಸಿ ಮಷಿನ್ ಕಲಿಯಲು ಎಷ್ಟು?