ಲಿಂಗೈಕ್ಯ ಮಿತ್ರರ ಮೋಟಾರು

ಮಠದ ಪಾಠಶಾಲೆಯಲ್ಲಿ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ ಬೆಳೆದ ಮಿತ್ರರೊಬ್ಬರು ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ವಿಜಯಪುರಕ್ಕೆ ತಾವೇ ಮೋಟಾರು ನಡೆಸಿಕೊಂಡು ಬಂದು ನಮ್ಮನ್ನು ಶಿವಾನುಭವ ಗೋಷ್ಠಿಗೆ ಕರೆದೊಯ್ಯುವುದು ಅವರ ನೇಮವಾಗಿತ್ತು. ಅವರು ಲಿಂಗೈಕ್ಯರಾದ ಮೇಲೆ, ಗಣಾರಾಧನೆಯ ದಿನ, ಮಕ್ಕಳಿಬ್ಬರೂ ಗಾಡಿಯ ಕೀಲಿಕೈಯನ್ನು ನಮ್ಮ ಕೈಯಲ್ಲಿಟ್ಟು, "ಕಾಕಾ, ಇದು ನಿಮ್ಮದs. ಅಪ್ಪಾರು ಇದ್ದಿದ್ರೂ ಹಿಂಗs ಮಾಡತಿದ್ರು" ಎಂದರು. ಕಣ್ಣು ತುಂಬಿದ್ದಾಗ ಕಾನೂನು ನೆನಪಾಗುವುದಿಲ್ಲ. ಮಹಾರಾಷ್ಟ್ರದ ಎಂ.ಎಚ್. 13 ಸಂಖ್ಯೆಯ ಆ ಗಾಡಿಯನ್ನು ಹಾಗೆಯೇ ವಿಜಯಪುರಕ್ಕೆ ತಂದೆವು. ನಮ್ಮ ಅಳಿಯ ಅದನ್ನು ನಾಲ್ಕು ತಿಂಗಳು ನಡೆಸಿದ.

ಒಂದು ಸಂತೆಯ ದಿನ ಸೈಕಲ್ಲಿನ ಹುಡುಗನೊಬ್ಬನಿಗೆ ಗಾಡಿ ತಗುಲಿತು. ಶಿವನ ಕೃಪೆಯಿಂದ ಮೊಣಕಾಲು ತರಚಿದ್ದಷ್ಟೇ. ಆ ರಾತ್ರಿ ವಕೀಲ ಶಿಷ್ಯರೊಬ್ಬರು, "ಗಾಡಿ ಯಾರ ಹೆಸರಿನಲ್ಲಿದೆ?" ಎಂದು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ.

ಅವರು ತಿಳಿಸಿದ್ದನ್ನು ಓದುಗ ಬಂಧುಗಳು ಗಮನಿಸಬೇಕು. ಒಡೆಯರು ತೀರಿಕೊಂಡರೆ, ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿದ್ದರೆ ಮಾತ್ರ ಆ ವಾಹನವನ್ನು ಮೂರು ತಿಂಗಳವರೆಗೆ ಬಳಸಬಹುದು; ಅಷ್ಟರೊಳಗೆ 31ನೆಯ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಮೃತರ ಹೆಸರಿನ ವಿಮೆಯೂ ಮೂರು ತಿಂಗಳು ಅಥವಾ ತನ್ನ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಒಡೆಯರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಎಂದರೆ ನಮ್ಮ ಅಜಾಗರೂಕತೆಯ ಭಾರ ಮಿತ್ರರ ಮನೆಯವರ ಮೇಲೆಯೇ ಬೀಳಬಹುದಿತ್ತು. 2021ರಿಂದ ನೋಂದಣಿ ಪತ್ರದಲ್ಲಿಯೇ ನಾಮನಿರ್ದೇಶನ ಮಾಡಲು ಅವಕಾಶವಿದೆ. ಮಿತ್ರರು ಅದನ್ನು ಮಾಡಿರಲಿಲ್ಲ.

ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಕೀಲಿಕೈ ಎತ್ತಿಟ್ಟೆವು. ದಲಾಲರೊಬ್ಬರು ಸುಲಭದ ದಾರಿ ತೋರಿದರು: ಮಾರಾಟದ ನಮೂನೆಗಳಿಗೆ ಹಿಂದಿನ ತಾರೀಖು ಹಾಕಿ ಮೃತರ ಸಹಿಯನ್ನು ತಾವೇ ಮಾಡಿಕೊಡುವುದಾಗಿ ಹೇಳಿದರು. ಮಕ್ಕಳು ಒಪ್ಪಿಯೂ ಇದ್ದರು. ಐವತ್ತು ವರ್ಷ ನಮಗೆ ಕಾಗದ ಬರೆದ ಕೈಯ ಸಹಿ ಅದು. ಪರರು ಅದನ್ನು ತಿದ್ದಿ ಬರೆಯುವುದನ್ನು ನಾವು ಹೇಗೆ ನೋಡೋಣ? ಬೇಡವೆಂದೆವು.

ಮೃತ್ಯುಪತ್ರ ಇರಲಿಲ್ಲವಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೇ ಗತಿ. ವೀರಶೈವ, ಲಿಂಗಾಯತರಿಗೂ ಅನ್ವಯವೆಂದು ಅದರಲ್ಲಿ ಹೆಸರು ಹಿಡಿದೇ ಹೇಳಿದೆ. ಅದರಂತೆ ಪತ್ನಿ, ಇಬ್ಬರು ಪುತ್ರರು, ಕಲಬುರಗಿಗೆ ಕೊಟ್ಟ ಮಗಳು, ಮಿತ್ರರ ತಾಯಿ, ಈ ಐವರಿಗೂ ಸಮಪಾಲು. ಮಗಳನ್ನು ಯಾರೂ ಕೇಳಿರಲಿಲ್ಲ. ತೊಂಬತ್ತು ಸಮೀಪಿಸಿದ ತಾಯಿಯವರಿಗಂತೂ ಗಾಡಿ ಊರು ಬಿಟ್ಟುಹೋದದ್ದೇ ತಿಳಿದಿರಲಿಲ್ಲ. ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ. ಪುರುಷರು ಕುಳಿತು ಮಾತು ಮುಗಿಸುತ್ತಾರೆ, ಹೆಣ್ಣುಮಕ್ಕಳಿಗೆ ಚಹದ ಲೋಟ ಮರಳಿ ಒಯ್ಯುವಾಗ ಸುದ್ದಿ ತಿಳಿಯುತ್ತದೆ.

ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋದೆವು. ಮಗಳೂ ಬಂದಿದ್ದಳು, ಓದಿ ನೋಡಿ ಸಹಿ ಮಾಡಿದಳು. ಸಮ್ಮತಿಪತ್ರವನ್ನು ಓದಿ ಹೇಳಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ನನಗೂ ಇದರಾಗ ಪಾಲು ಐತೇನೋ ತಮ್ಮಾ?" ಎಂದು ಕೇಳಿದರು. ಐದರಲ್ಲೊಂದು ಪಾಲು ಎಂದೆವು. ಮಸಿ ಹಚ್ಚಿದ ಹೆಬ್ಬೆರಳನ್ನು ಕಾಗದಕ್ಕೆ ಒತ್ತುವ ಮೊದಲು, "ಹಂಗಾರ ನಂದೊಂದು ಮಾತು. ಗಾಡಿ ನಿನ್ನ ಹೆಸರಿಗಾದ ಮ್ಯಾಲ ನನ್ನ ಒಮ್ಮೆ ಸಿದ್ಧರಾಮೇಶ್ವರನ ಗುಡಿಗೆ ಕರಕೊಂಡು ಹೋಗಬೇಕು. ಅಂವಾ ಒಯ್ತಿದ್ದ" ಎಂದರು.

ಮೊದಲು ಪತ್ನಿಯವರ ಹೆಸರಿಗೆ, ಬಳಿಕ ಅವರಿಂದ ನಮ್ಮ ಹೆಸರಿಗೆ ಕಾಗದಗಳಾದವು. ಸೊಲ್ಲಾಪುರದಿಂದ ನಿರಾಕ್ಷೇಪಣಾ ಪತ್ರ ಬಂತು. ಪರರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಹೊಸ ಸಂಖ್ಯೆ ಪಡೆಯಲೇಬೇಕು. ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಿದೆವು. ಹಳೆಯ ಗಾಡಿಗೆ ಅದು ಕೈಸುಡುವ ಮೊತ್ತವೇ. ಕೆ.ಎ. 28ರ ಫಲಕವೂ ನಮ್ಮ ಹೆಸರಿನ ವಿಮೆಯೂ ಬಂದ ಮರುವಾರ ಸೊಲ್ಲಾಪುರಕ್ಕೆ ಹೊರಟೆವು. ತಾಯಿಯವರು ಇಳಕಲ್ಲ ಸೀರೆಯುಟ್ಟು ಬಾಗಿಲಲ್ಲೇ ಕುಳಿತಿದ್ದರು.