ವೀರಗಲ್ಲಿನ ಬುಡದಲ್ಲಿ ಡಬ್ಬಿ ಬೇಡ

ಜಿಯೋಕ್ಯಾಶಿಂಗ್ ಎಂಬುದು, ಒಬ್ಬರು ಬಚ್ಚಿಟ್ಟ ಪುಟ್ಟ ಡಬ್ಬಿಯನ್ನು ಮತ್ತೊಬ್ಬರು ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶಗಳ ಜಾಡು ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುವ ಆಟ. ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕಾಗಿಸುತ್ತಿದ್ದ ಪದ್ಧತಿಯನ್ನು ಅಮೆರಿಕ ಸರ್ಕಾರ ಕೈಬಿಟ್ಟ ಮರುದಿನವೇ, ಅಂದರೆ 2000ದ ಮೇ 3ರಂದು, ಡೇವ್ ಉಲ್ಮರ್ ಆರೆಗಾನ್ ರಾಜ್ಯದಲ್ಲಿ ಮೊದಲ ಡಬ್ಬಿಯನ್ನಿಟ್ಟರು. ಡಬ್ಬಿ ಕಾಡಿನಲ್ಲಿದ್ದಷ್ಟು ಕಾಲ ಯಾರಿಗೂ ತಕರಾರಿರಲಿಲ್ಲ. ಅದು ಸ್ಮಶಾನಗಳ, ಯುದ್ಧ ಸ್ಮಾರಕಗಳ ಬಳಿ ಕಾಣಿಸಿಕೊಂಡಾಗ ಜಗಳ ಹುಟ್ಟಿತು.

ಈ ಜಗಳವನ್ನು ಕನ್ನಡನಾಡಿಗೆ ತಂದು ನೋಡಿದರೆ ಅದರ ರೂಪವೇ ಬದಲಾಗುತ್ತದೆ, ಏಕೆಂದರೆ ಇಲ್ಲಿನ ಯುದ್ಧ ಸ್ಮಾರಕವೆಂದರೆ ವೀರಗಲ್ಲು. ಬೆಂಗಳೂರಿನ ತಾರಾಲಯದ ಎದುರಿನ ಉದ್ಯಾನದಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕವನ್ನು ಕಟ್ಟಿದಾಗ, 75 ಅಡಿ ಎತ್ತರದ ಏಕಶಿಲೆಗೆ ಆ ಹೆಸರನ್ನೇ ಇಟ್ಟರು. ಅಲ್ಲಿಂದ ದೂರವೇನೂ ಇಲ್ಲ, 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನ ಅಂಚಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹತ್ತನೆಯ ಶತಮಾನದ ಆತಕೂರು ಶಾಸನವಿದೆ. ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದನ್ನೂ, ಶೌರ್ಯ ಮೆರೆದ ಮಣಲೆರನು ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನೂ ಅದು ಹೇಳುತ್ತದೆ.

ಇಂಥ ಕಲ್ಲುಗಳ ಬಳಿ ಆಟವಾಡಿದರೆ ಪಾವಿತ್ರ್ಯ ಕೆಡುತ್ತದೆ ಎಂಬ ವಾದ ಗಟ್ಟಿಯಾಗಿ ಕೇಳಿಸುತ್ತದೆಯೇ ಹೊರತು ಗಟ್ಟಿಯಾದುದಲ್ಲ. ವೀರಗಲ್ಲನ್ನು ನೆಟ್ಟದ್ದು ಗೇಟು ಹಾಕಿ ಮೌನ ಪಾಲಿಸುವುದಕ್ಕಲ್ಲ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ ಜನ ಓಡಾಡುವ ಕಡೆಯೇ ನೆಟ್ಟರು. ಇಂದು ಅನೇಕ ಊರುಗಳಲ್ಲಿ ಅವು ತಿಪ್ಪೆಯ ಪಕ್ಕದಲ್ಲಿಯೂ ಹೊಲದ ಬದುವಿನಲ್ಲಿಯೂ ಬಿದ್ದಿರುವಾಗ ಮಿಡಿಯದ ಭಕ್ತಿ, ಆಟದ ಹೆಸರು ಕೇಳಿದೊಡನೆ ಎದ್ದು ನಿಲ್ಲುವುದು ಸೋಜಿಗ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಮಾರಾಟ ರದ್ದಾದುದರಿಂದ ತೋಪು ಉಳಿಯಿತು. ಅದಕ್ಕೆ ಗಂಡಾಂತರ ತಂದದ್ದು ಆಟಗಾರರಲ್ಲ, ಆಳುವವರ ಅಸಡ್ಡೆ.

ಆದರೂ ಡಬ್ಬಿ ಕೂಡದು; ಅದಕ್ಕೆ ಕಾರಣ ಬೇರೆ. ವಿಜಯಪುರ ಜಿಲ್ಲೆಯ ಹೊನವಾಡ, ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ಹಳೆಯ ಕಲ್ಲಿನ ಬುಡದಲ್ಲಿ ಅಪರಿಚಿತನೊಬ್ಬ ತಡಕಾಡಿದರೆ ಊರಿನವರು ಅವನನ್ನು ಆಟಗಾರನೆಂದು ತಿಳಿಯುವುದಿಲ್ಲ, ನಿಧಿಗಳ್ಳನೆಂದೇ ಹಿಡಿಯುತ್ತಾರೆ. ಆ ಅನುಮಾನ ಬರಿಯ ಭ್ರಮೆಯೂ ಅಲ್ಲ. ಹೊನ್ನಿನ ಆಸೆಗೆ ಗರ್ಭಗುಡಿಯನ್ನೇ ಅಗೆದವರು, ನಂದಿಯ ವಿಗ್ರಹ ಒಡೆದವರು ಈ ನಾಡಿನಲ್ಲಿ ಕಡಿಮೆಯಿಲ್ಲ. ಡಬ್ಬಿಯನ್ನು ನೆಲದಲ್ಲಿ ಹೂಳಬಾರದು, ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕು ಎಂದು ಆಟದ ನಿಯಮಗಳೇ ಹೇಳುತ್ತವೆ ಎಂಬುದು ನಿಜ, ಆದರೆ ಕಲ್ಲಿನ ಸಂದಿಯಲ್ಲಿ ಏನೋ ಅಡಗಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಹಾರೆ ಹಿಡಿದು ಬರುವವನು ಆ ನಿಯಮ ಓದಿ ಬರುವುದಿಲ್ಲ. ನಗರದಲ್ಲಿ ಇದೇ ಡಬ್ಬಿ ಬಾಂಬಿನ ಭಯವಾಗುತ್ತದೆ: 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂಥದೊಂದು ಡಬ್ಬಿಯನ್ನು ಬಾಂಬ್ ನಿಷ್ಕ್ರಿಯ ದಳದವರು ಸ್ಫೋಟಿಸಿದರು. ಸ್ಮಾರಕ ಸಂರಕ್ಷಣೆಯ 1958ರ ಕಾಯ್ದೆ, 2010ರ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ವರೆಗೆ ಹೊಸ ಕಟ್ಟಡವನ್ನು ತಡೆಯುತ್ತದೆ. ಅಂಗೈಯಗಲದ ಡಬ್ಬಿಯನ್ನು ಅದು ಹೆಸರಿಸಿಲ್ಲವೆಂದು ಅದನ್ನೇ ಪರವಾನಗಿ ಎಂದು ಓದುವುದು ಜಾಣತನವಲ್ಲ.

ಹುಡುಕಾಟವನ್ನೇ ಅಪರಾಧವಾಗಿಸಬೇಕಾಗಿಲ್ಲ. ಡಬ್ಬಿಯಿಲ್ಲದ ಬಗೆಯೂ ಈ ಆಟದಲ್ಲಿದೆ. ಅಲ್ಲಿ ಸ್ಥಳಕ್ಕೆ ಹೋಗಿ, ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆದರೆ ಸಾಕು. ಮಣಲೆರನ ನಾಯಿಯ ಹೆಸರೇನು, 1054ರ ಶಾಸನದಲ್ಲಿ ಹೊನವಾಡದ ಹೆಸರು ಏನಿತ್ತು (ಪೊನ್ನವಾಡ ಎಂದಿತ್ತು) ಎಂದು ಕೇಳಿದರೆ ಹುಡುಗರು ಕಲ್ಲನ್ನು ಮುಟ್ಟದೆ ಅದನ್ನು ಓದುವ ಗೋಜಿಗೆ ಬೀಳುತ್ತಾರೆ. ತೋಟಗಾರಿಕೆ ಮತ್ತು ಪುರಾತತ್ವ ಇಲಾಖೆಗಳು ಸ್ಮಾರಕಗಳ ಆವರಣದಲ್ಲಿ ಡಬ್ಬಿಯನ್ನು ನಿಷೇಧಿಸಲಿ, ಅದೇ ಆದೇಶದಲ್ಲಿ ಡಬ್ಬಿಯಿಲ್ಲದ ಹುಡುಕಾಟಕ್ಕೆ ಒಪ್ಪಿಗೆಯನ್ನೂ ಕೊಡಲಿ.